ಹೂಳು ಯಾರಿಗೆ, ನೀರು ಯಾರಿಗೆ?

ಮೊನ್ನೆ ತುರ್ವಿಹಾಳದ ಚಹಾದಂಗಡಿಯೊಂದರಲ್ಲಿ ನಾವು ಕುಳಿತಿದ್ದಾಗ, ಉಪಕಾಲುವೆಯ ಕೊನೆಯ ತುದಿಯಲ್ಲಿ ಮೂರೆಕರೆ ಹೊಲವಿರುವ ಹಿರಿಯರೊಬ್ಬರು ಬಂದು ಪಕ್ಕದ ಬೆಂಚಿನ ಮೇಲೆ ಕೂತರು. ‘ಈ ಸಲನೂ ನೀರು ಮುಟ್ಟಲಿಲ್ಲೇನ್ರಿ ಯಜಮಾನ್ರ?’ ಎಂದು ಕೇಳಿದೆವು.

‘ಎಲ್ಲಿ ಮುಟ್ತದರಿ ಮಾಸ್ತರ, ಡ್ಯಾಮಿನ್ಯಾಗ ಹೂಳು ತುಂಬೈತಂತಲ್ಲ!’

‘ಹಂಗಾದ್ರ ನಿಮ್ಮ ಮ್ಯಾಲಿನ ತೂಬಿನವರ ಹೊಲದಾಗ ನೆಲ್ಲು ಹ್ಯಾಂಗ ನಿಂತೈತ್ರಿ?’

ಅವರು ಬಟ್ಟಲು ಕೆಳಗಿಟ್ಟು ನಮ್ಮ ಮುಖ ನೋಡಿದರು. ‘ಅವ್ರು ದೊಡ್ಡವ್ರು ಬಿಡ್ರಿ. ಅವ್ರಿಗೆ ಹೂಳು ಹತ್ತಂಗಿಲ್ಲ.’

ಇಷ್ಟು ದಿನ ಸಭೆಗಳಲ್ಲಿ ನಾವು ಗಂಟೆಗಟ್ಟಲೆ ಹೇಳಲು ಒದ್ದಾಡಿದ ಮಾತನ್ನು ಆ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಒಂದೇ ಅಣೆಕಟ್ಟು, ಒಂದೇ ಕಾಲುವೆ, ಒಂದೇ ಹೂಳು. ಆದರೆ ಅದು ಕೆಲವರ ಹೊಲಕ್ಕೆ ಹತ್ತುತ್ತದೆ, ಕೆಲವರ ಹೊಲಕ್ಕೆ ಹತ್ತುವುದಿಲ್ಲ. ಇಂಥ ವಿಚಿತ್ರ ಗುಣವುಳ್ಳ ಪದಾರ್ಥ ಯಾವುದು ಎಂಬುದನ್ನು ವಿಚಾರಿಸುವುದು ಅಗತ್ಯವೆಂದು ನಮಗೆ ತೋರಿತು. ಕೆಲವು ವರ್ಷ ಹುಡುಗರಿಗೆ ಪಾಠ ಹೇಳಿದ ಅಭ್ಯಾಸವೂ ಇದಕ್ಕೆ ಕಾರಣವೆಂದು ಓದುಗರು ತಿಳಿಯಬಹುದು.

ಶಾಲೆಯಲ್ಲಿದ್ದಾಗ ನಾವು ಮಾಡಿಸುತ್ತಿದ್ದ ಒಂದು ಪ್ರಯೋಗವಿದೆ. ಹೊಳೆಗೆ ಕೆಂಪು ನೀರು ಬಂದಾಗ ಒಂದು ಗಾಜಿನ ಗ್ಲಾಸಿನಲ್ಲಿ ಹಿಡಿದು ಕಿಟಕಿಯ ಮೇಲಿಡಬೇಕು. ಮರಳು ಒಂದು ನಿಮಿಷದೊಳಗೆ ತಳಕ್ಕೆ ಕೂರುತ್ತದೆ. ಅದಕ್ಕಿಂತ ಸಣ್ಣದಾದ, ಬೆರಳಿನಲ್ಲಿ ತಿಕ್ಕಿದರೆ ಹಿಟ್ಟಿನಂತೆ ನುಣುಪಾಗಿರುವ ಕಣ, ಶಾಲೆ ಬಿಡುವ ಹೊತ್ತಿಗೆ ಬಹುಮಟ್ಟಿಗೆ ಇಳಿದಿರುತ್ತದೆ. ಜಿಗುಟು ಜೇಡಿಯ ಕಣ ಮಾತ್ರ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಮಣ್ಣಿನ ಶಾಸ್ತ್ರದವರು ಮರಳಿಗೂ ಜೇಡಿಗೂ ನಡುವಿನ ಈ ಹಿಟ್ಟಿಗೆ ಮಾತ್ರ ಬೇರೆ ಹೆಸರು ಕೊಡುತ್ತಾರೆ. ಅದರ ಕಣ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು ಸಣ್ಣದರಿಂದ ಆರಂಭವಾಗುತ್ತದೆ. ಪುಸ್ತಕಗಳಲ್ಲಿ ಅದನ್ನು ಮೆಕ್ಕಲು ಎನ್ನುತ್ತಾರೆ, ಕೆಲವರು ರೇವೆಮಣ್ಣು ಎನ್ನುತ್ತಾರೆ.

ಆದರೆ ‘ಹೂಳು’ ಎಂಬುದು ಕಣದ ಹೆಸರಲ್ಲ, ಅದು ಕೆಲಸದ ಹೆಸರು. ಹೆಣವನ್ನು ಹೂಳುತ್ತೇವೆ, ನಿಕ್ಷೇಪವನ್ನು ಹೂತಿಡುತ್ತೇವೆ, ಬಾವಿ ಹೂಳುತ್ತದೆ. ಏನನ್ನೋ ಮುಚ್ಚಿ ಕಾಣದಂತೆ ಮಾಡುವುದೇ ಆ ಮಾತಿನ ಅರ್ಥ. ಅದೇ ಮಣ್ಣು ಪ್ರವಾಹದೊಡನೆ ಬಂದು ಹೊಲದ ಮೇಲೆ ಕೂತರೆ ಅದು ಮೆಕ್ಕಲು, ರೈತ ಕೈಮುಗಿಯುತ್ತಾನೆ. ಕೆರೆಯಂಗಳದಲ್ಲಿ ಕೂತರೆ ಅದು ಗೊಬ್ಬರ. ನಮ್ಮ ಹಿರಿಯರು ಬೇಸಿಗೆಯಲ್ಲಿ ಬಂಡಿ ಹೂಡಿ ಕೆರೆಯ ಗೋಡು ಹೇರಿ ತಂದು ಹೊಲಕ್ಕೆ ಚೆಲ್ಲುತ್ತಿದ್ದರು, ಅದಕ್ಕೆ ಯಾರೂ ಟೆಂಡರು ಕರೆಯುತ್ತಿರಲಿಲ್ಲ. ಅಣೆಕಟ್ಟಿನಲ್ಲಿ ಕೂತರೆ ಅದು ಹೂಳು. ಈಜಿಪ್ಟಿನ ರೈತರು ಸಾವಿರಾರು ವರ್ಷ ನೈಲ್ ನದಿಯ ಮೆಕ್ಕಲಿನ ಮೇಲೆ ಬೆಳೆ ತೆಗೆದರು. 1970ರಲ್ಲಿ ಆಸ್ವಾನಿನ ಎತ್ತರದ ಅಣೆಕಟ್ಟು ಮುಗಿದ ಮೇಲೆ ಆ ಮಣ್ಣು ಕಟ್ಟೆಯ ಹಿಂದೆ ನಿಂತು ಹೂಳಾಯಿತು; ಕೆಳಗಿನ ರೈತ ಅಂಗಡಿಗೆ ಹೋಗಿ ರಾಸಾಯನಿಕ ಗೊಬ್ಬರದ ಚೀಲ ಕೊಳ್ಳಬೇಕಾಯಿತು. ಸಿಂಧನೂರಿನ ಗೊಬ್ಬರದಂಗಡಿಯ ಮುಂದೆ ನಸುಕಿನಲ್ಲಿ ಪಾಳಿ ಹಚ್ಚುವ ನಮ್ಮ ರೈತರಿಗೆ ಈ ಕತೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ತುಂಗಭದ್ರೆಗೆ ಬರೋಣ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ಬಿಟ್ಟ ಈ ಜಲಾಶಯಕ್ಕೆ ಆಗ ಲೆಕ್ಕ ಹಾಕಿದ ಸಾಮರ್ಥ್ಯ ಸುಮಾರು 133 ಟಿಎಂಸಿ. ಸುಮಾರು ತೊಂಬತ್ತು ಹಳ್ಳಿಗಳು ಅದರ ಅಡಿ ಹೋದವು. ಇಂದು ಹೂಳು ಕೂತಿರುವುದು ಆ ಊರುಗಳ ಓಣಿ, ಬಾವಿ, ಗುಡಿಗಳ ಮೇಲೆ ಎಂಬುದನ್ನು ಲೆಕ್ಕ ಓದುವವರು ಮರೆಯದಿರಲಿ. 2008ರ ಸಮೀಕ್ಷೆಯಲ್ಲಿ ಸಾಮರ್ಥ್ಯ 100.855 ಟಿಎಂಸಿಗೆ ಇಳಿದಿದೆಯೆಂದು ಬಂತು. 2016ರಲ್ಲಿ ಮತ್ತೊಮ್ಮೆ ಅಳೆದಾಗ 105.788 ಟಿಎಂಸಿ ಎಂದು ಬಂತು. ನಡುವಿನ ಎಂಟು ವರ್ಷಗಳಲ್ಲಿ ಯಾರೂ ಹೇಳಿಕೊಳ್ಳುವಷ್ಟು ಹೂಳು ಎತ್ತಲಿಲ್ಲ. ಆದರೂ ಸುಮಾರು ಐದು ಟಿಎಂಸಿ ಹೂಳು ಮಾಯವಾಯಿತು! ಅಳೆಯುವ ಯಂತ್ರ ಬದಲಾಗಿ, ವಿಧಾನ ಬದಲಾಗಿ ಹೀಗಾಯಿತೆಂದು ಬಲ್ಲವರು ಹೇಳುತ್ತಾರೆ. ನಾವೂ ಒಪ್ಪುತ್ತೇವೆ, ಅಳತೆ ಮಾಡಿದವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ವೇದಿಕೆ ಹತ್ತಿದ ಸನ್ಮಾನ್ಯರು ತಮಗೆ ಬೇಕಾದಂತೆ ಒಮ್ಮೆ 28, ಒಮ್ಮೆ 33 ಎಂದು ಹೂಳನ್ನು ಹಿಗ್ಗಿಸಿ ಕುಗ್ಗಿಸುವುದನ್ನು ಕೇಳಿದಾಗ, ಇವರು ಹೇಳುತ್ತಿರುವುದು ಮಣ್ಣಿನ ಲೆಕ್ಕವೋ ಓಟಿನ ಲೆಕ್ಕವೋ ಎಂಬ ಸಂಶಯ ಬರುತ್ತದೆ.

ಪ್ರತಿ ಚುನಾವಣೆಯಲ್ಲಿಯೂ ‘ಹೂಳೆತ್ತಿಸುತ್ತೇವೆ’ ಎಂಬ ಭರವಸೆ ಬರುತ್ತದೆ. ನಾಲ್ಕನೆಯ ಇಯತ್ತೆಯ ಹುಡುಗನಿಗೆ ಕೊಡಬಹುದಾದ ಲೆಕ್ಕವೊಂದನ್ನು ನಾವು ಇಲ್ಲಿ ಕೊಡುತ್ತೇವೆ, ಓದುಗರು ತಾವೇ ಮಾಡಿ ನೋಡಲಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರು. ಕಡಿಮೆಯ ಅಂಕಿಯನ್ನೇ ಹಿಡಿದು ಹೂಳು 27 ಟಿಎಂಸಿ ಎಂದಿಟ್ಟುಕೊಂಡರೂ ಅದು 77 ಕೋಟಿ ಘನ ಮೀಟರಿನ ಹತ್ತಿರವಾಗುತ್ತದೆ. ಒಂದು ಟಿಪ್ಪರಿಗೆ ಹತ್ತು ಘನ ಮೀಟರು ಹೇರಿದರೆ 7 ಕೋಟಿ 70 ಲಕ್ಷ ಟ್ರಿಪ್ಪು. ಸಾವಿರ ಟಿಪ್ಪರು ಇಳಿಸಿ, ದಿನಕ್ಕೆ ಹತ್ತು ಟ್ರಿಪ್ಪು ಹೊಡೆಸಿದರೂ 7,700 ದಿನ. ಜಲಾಶಯದ ಅಂಗಳ ಒಣಗುವುದು ವರ್ಷಕ್ಕೆ ನೂರು ದಿನವೆಂದರೆ 77 ವರ್ಷ. ಈ ಎಪ್ಪತ್ತೇಳು ವರ್ಷ ನದಿ ಸುಮ್ಮನೆ ಕೂತಿರುವುದಿಲ್ಲ. ಹಿಂದಿನ ಸರಾಸರಿಯಂತೆಯೇ ತಂದರೆ ಅಷ್ಟರಲ್ಲಿ ಇನ್ನೂ 33 ಟಿಎಂಸಿ ತಂದು ಹಾಕಿರುತ್ತದೆ. ಎತ್ತಿದ ಮಣ್ಣನ್ನು ಎಲ್ಲಿ ಹಾಕುವುದು? ಎಡದಂಡೆಯ ಸುಮಾರು ಆರು ಲಕ್ಷ ಎಕರೆ ಅಚ್ಚುಕಟ್ಟಿನ ಮೇಲೆಲ್ಲ ಒಂದಡಿ ಎತ್ತರ ಹರಡಿದರೂ ಇನ್ನಷ್ಟು ಉಳಿಯುತ್ತದೆ. ಈ ಲೆಕ್ಕ ಸರ್ಕಾರದ ಎಂಜಿನಿಯರುಗಳಿಗೆ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆಶ್ವಾಸನೆ ಕೊಡುವುದು ಯಾಕೆಂದರೆ, ಎಂದೂ ತೀರದ ಕೆಲಸವನ್ನು ಭರವಸೆಯಾಗಿ ಕೊಟ್ಟವನು ಎಂದೂ ಸಿಕ್ಕಿಬೀಳುವುದಿಲ್ಲ.

2017ರ ಬೇಸಿಗೆಯಲ್ಲಿ ಬೇಸತ್ತ ರೈತರು ತಾವೇ ಜಲಾಶಯದಂಗಳಕ್ಕೆ ಇಳಿದು ಹೂಳು ಎತ್ತಿದರು, ಅದನ್ನು ‘ಹೂಳಿನ ಜಾತ್ರೆ’ ಎಂದು ಕರೆದರು. ಅವರನ್ನು ನಾವು ಹಾಸ್ಯ ಮಾಡುವುದಿಲ್ಲ. ಅವರು ಒಯ್ದ ಮಣ್ಣು ಅವರ ಹೊಲಕ್ಕೆ ಒಳ್ಳೆಯದನ್ನೇ ಮಾಡಿರುತ್ತದೆ, ಅವರ ಜಾತ್ರೆ ಸರ್ಕಾರದ ಮುಖಕ್ಕೆ ಹಿಡಿದ ಕನ್ನಡಿಯಾಗಿತ್ತು. ಆದರೆ ಆ ಕನ್ನಡಿಯಲ್ಲಿ ಸರ್ಕಾರ ಕಂಡದ್ದು ತನ್ನ ಮುಖವನ್ನಲ್ಲ, ತಾನು ಮಾಡಬೇಕಾದುದನ್ನು ರೈತರೇ ಮಾಡುವ ಅನುಕೂಲವನ್ನು.

ಹಾಗಾದರೆ ಹೂಳು ಸುಳ್ಳೇ ಎಂದು ಯಾರಾದರೂ ಕೇಳಬಹುದು. ಸುಳ್ಳಲ್ಲ. ಕಟ್ಟೆ ಕಟ್ಟಿದ ದಿನವೇ ಹೂಳು ಕೂರಲು ಶುರುವಾಗುತ್ತದೆಂಬುದು ಯಾವ ಅಣೆಕಟ್ಟಿನ ಎಂಜಿನಿಯರಿಗೂ ತಿಳಿಯದ ಸಂಗತಿಯಲ್ಲ. ಹೊಳೆ ಜಲಾಶಯಕ್ಕೆ ಬಂದು ಸೇರುವ ಕಡೆ ವೇಗ ಕಳೆದುಕೊಂಡು ಮೊದಲು ದಪ್ಪ ಮರಳನ್ನು ಇಳಿಸುತ್ತದೆ, ನುಣ್ಣಗಿನದು ಮುಂದೆ ಹೋಗಿ ಕಟ್ಟೆಯ ಕಡೆಗೆ ಕೂರುತ್ತದೆ. ಮಲೆನಾಡಿನ ಕಾಡು ಕಡಿದಷ್ಟೂ, ಇಳಿಜಾರಿನ ಹೊಲಗಳಿಗೆ ಒಡ್ಡು ಹಾಕದೆ ಬಿಟ್ಟಷ್ಟೂ ಅದು ಹೆಚ್ಚುತ್ತದೆ. ಭದ್ರೆಯ ನೆತ್ತಿಯ ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಿಂದ 2005ರ ಕೊನೆಗೆ ನಿಲ್ಲುವ ತನಕ ಕಬ್ಬಿಣದ ಅದಿರಿನ ಗಣಿ ನಡೆಯಿತು. (ಅಲ್ಲಿಯ ಮಣ್ಣಿನ ಬಹುಪಾಲು ಮೊದಲು ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿಯೇ ನಿಂತಿರಬೇಕು, ನಮ್ಮ ಹೂಳೆಲ್ಲ ಗಣಿಯದೇ ಎಂದು ಹೇಳಿದರೆ ನಾವೂ ಸನ್ಮಾನ್ಯರ ಸಾಲಿಗೆ ಸೇರಿದಂತಾಗುತ್ತದೆ.) ಚೀನಾದಲ್ಲಿ ಹಳದಿ ನದಿಗೆ ಕಟ್ಟಿದ ಸಾನ್‌ಮೆನ್‌ಶಿಯಾ ಅಣೆಕಟ್ಟು 1960ರಲ್ಲಿ ನೀರು ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಹೂಳಿನಿಂದ ಕೆಟ್ಟು, ಅಡಿಯ ಕಿಂಡಿಗಳನ್ನು ತೆರೆದು ಕಟ್ಟೆಯನ್ನೇ ತಿದ್ದಬೇಕಾಯಿತು. ಅಲ್ಲಿಯವರು ಕಟ್ಟೆಯನ್ನು ನಡೆಸುವ ರೀತಿಯನ್ನು ಬದಲಾಯಿಸಿದರು. ಇಲ್ಲಿಯವರು ಭಾಷಣ ಬದಲಾಯಿಸುತ್ತಾರೆ.

ಹೂಳಿನಿಂದ ನಷ್ಟ ಯಾವಾಗ, ಎಷ್ಟು ಎಂಬುದನ್ನು ಮಾತ್ರ ಸ್ಪಷ್ಟವಾಗಿ ತಿಳಿಯಬೇಕು. ಬಚಾವತ್ ನ್ಯಾಯಮಂಡಳಿಯ ತೀರ್ಪಿನಂತೆ ಈ ಜಲಾಶಯದಿಂದ ಬಳಸಬೇಕಾದ ನೀರು 212 ಟಿಎಂಸಿ. ಅದರಲ್ಲಿ ಕರ್ನಾಟಕಕ್ಕೆ 138.99, ಅಂದಿನ ಆಂಧ್ರಪ್ರದೇಶಕ್ಕೆ 73.01. ನಮ್ಮ ಎಡದಂಡೆ ಕಾಲುವೆಯ ಪಾಲು 92. ಇದ್ದ 133ರ ಪಾತ್ರೆಯಿಂದ 212 ಹಂಚಬಹುದಾದದ್ದು ಹೇಗೆ? ಮಳೆಗಾಲದಲ್ಲಿ ಒಳಗೆ ಬರುತ್ತಿರುವಾಗಲೇ ಕಾಲುವೆಗೆ ಬಿಡುತ್ತ ಹೋಗುವುದರಿಂದ. ಆದ್ದರಿಂದ ಮುಂಗಾರಿನ ಬೆಳೆಗೆ ಹೊಳೆ ತುಂಬಿ ಹರಿಯುತ್ತಿರುವ ಕಾಲದಲ್ಲಿ ಹೂಳು ಅಡ್ಡ ಬರುವುದು ಸ್ವಲ್ಪ. ಅದರ ಪೆಟ್ಟು ಬೀಳುವುದು ಕೂಡಿಟ್ಟ ನೀರನ್ನು ನಂಬಿದ ಎರಡನೆಯ ಬೆಳೆಗೆ. ಹಾಗಿರುವಾಗ, ಆಗಸ್ಟ್ ಸೆಪ್ಟೆಂಬರಿನಲ್ಲಿ ಕಟ್ಟೆ ತುಂಬಿ ಹೆಚ್ಚಿನ ನೀರನ್ನು ಹೊಳೆಗೆ ಬಿಡುತ್ತಿರುವ ದಿನಗಳಲ್ಲಿ ನಮ್ಮ ಕೊನೆಯ ಹೊಲಕ್ಕೆ ನೀರು ಯಾಕೆ ಬರುವುದಿಲ್ಲ? ಇದಕ್ಕೆ ಉತ್ತರ ‘ಹೂಳು’ ಎಂದು ಹೇಳಿದವನನ್ನು ನಾವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು.

ಇನ್ನೊಂದು ಸಂಗತಿ. 2024ರ ಆಗಸ್ಟ್ 10ರ ರಾತ್ರಿ ಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದಿಂದ ಆರೇಳು ದಿನಗಳಲ್ಲಿ 30 ಟಿಎಂಸಿಗಿಂತ ಹೆಚ್ಚು ನೀರು ಹೊಳೆಯ ಪಾಲಾಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ತುಂಡುಗಳನ್ನು ಇಳಿಸಿ ಮುಚ್ಚಿದ ಕಾರ್ಮಿಕರಿಗೂ ತಂತ್ರಜ್ಞರಿಗೂ ಈ ಜಿಲ್ಲೆಗಳ ರೈತರು ಋಣಿಗಳು. ಪುಣ್ಯಕ್ಕೆ ಮುಂದೆ ಮಳೆ ಬಂದು ಕಟ್ಟೆ ಮತ್ತೆ ತುಂಬಿತು. ಆದರೆ ಲೆಕ್ಕ ನೋಡಿರಿ: ಅರವತ್ತಕ್ಕೂ ಹೆಚ್ಚು ವರ್ಷ ಹಗಲಿರುಳು ದುಡಿದು ಹೂಳು ತಿಂದ ಜಾಗಕ್ಕೆ ಸಮನಾದ ನೀರನ್ನು ಒಂದು ಹಳೆಯ ಸರಪಳಿ ಒಂದೇ ವಾರದಲ್ಲಿ ತಿಂದಿತು. ಹೂಳಿಗೆ ಸರಪಳಿ ಕಡಿಯುವ ಹಲ್ಲಿಲ್ಲ. ಮರುವರ್ಷ, 2025ರಲ್ಲಿ, ಗೇಟುಗಳ ಭದ್ರತೆಗೆಂದು 80 ಟಿಎಂಸಿಯ ಹತ್ತಿರಕ್ಕೇ ಸಂಗ್ರಹವನ್ನು ನಿಲ್ಲಿಸಿದರು; ಗೇಟು ಬದಲಾಯಿಸಬೇಕೆಂದು ಆ ಸಾಲಿನ ಎರಡನೆಯ ಬೆಳೆಗೆ ನೀರಿಲ್ಲವೆಂದರು. ಗೇಟು ಬದಲಾಯಿಸಲೇಬೇಕು, ಅದಕ್ಕೆ ನಮ್ಮ ವಿರೋಧವಿಲ್ಲ. ಎಪ್ಪತ್ತು ವರ್ಷ ಹಳೆಯ ಗೇಟುಗಳನ್ನು ಒಂದೊಂದಾಗಿ, ಬೆಳೆ ಕೆಡದಂತೆ, ಹತ್ತಾರು ಬೇಸಿಗೆಗಳಲ್ಲಿ ಬದಲಾಯಿಸಬಹುದಿತ್ತಲ್ಲ? ಆ ಬೇಸಿಗೆಗಳಲ್ಲೆಲ್ಲ ಇವರು ಏನು ಮಾತಾಡುತ್ತಿದ್ದರು? ಹೂಳಿನ ಮಾತು!

ಈಗ ಕಾಲುವೆಗೆ ಇಳಿಯೋಣ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಹೋಗುವ ಈ ಎಡದಂಡೆ ಕಾಲುವೆ 141 ಮೈಲಿ ಉದ್ದ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಇದನ್ನು ಯೋಜಿಸಿದ್ದು ಬರ ತಡೆಯುವುದಕ್ಕಾಗಿ. ಸ್ವಲ್ಪ ನೀರು, ಬಹಳ ಹೊಲ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಗೊತ್ತುಮಾಡಿ, ಭತ್ತಕ್ಕೆ ಸಣ್ಣ ಪಾಲು ಕೊಟ್ಟು, ಹೆಚ್ಚಿನ ಭೂಮಿಯನ್ನು ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಇಟ್ಟಿದ್ದರು. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು ಮೂರು ಎಕರೆ ಜೋಳ ಬರುತ್ತದೆ. ಆದರೆ ಮೇಲ್ಭಾಗದಲ್ಲಿ ಹಣವಿದ್ದವರು, ಪ್ರಭಾವವಿದ್ದವರು ಮೊದಲಿನಿಂದಲೂ ಗೊತ್ತುಮಾಡಿದ ಬೆಳೆ ಬಿಟ್ಟು ಭತ್ತ ಹಾಕಿದರು, ಎರಡು ಬೆಳೆ ಹಾಕಿದರು. ಅಚ್ಚುಕಟ್ಟಿಗೆ ಸೇರದ ಹೊಲಗಳಿಗೂ ಮೋಟಾರು ಇಟ್ಟು, ಪೈಪು ಎಳೆದು ನೀರು ಒಯ್ದರು. ಅಕ್ರಮ ನೀರಾವರಿ ಎಂದು ಕಡತಗಳಲ್ಲಿ ಬರೆಯುವುದು ಇದನ್ನೇ. ಬರೆಯುವುದು ಮಾತ್ರ.

ಕೆಲವರು ಇದನ್ನು ಕ್ಯಾಂಪುಗಳ ಆಂಧ್ರದವರ ತಲೆಗೆ ಕಟ್ಟಿ ಸುಮ್ಮನಾಗುತ್ತಾರೆ. ನೀರು ಎತ್ತುವ ಮೋಟಾರು ಕನ್ನಡ ಬಲ್ಲದೋ ತೆಲುಗು ಬಲ್ಲದೋ ಎಂಬುದನ್ನು ನಾವು ಕಾಣೆವು. ಕ್ಯಾಂಪಿನಲ್ಲಿ ನೆಲ್ಲು ನಾಟಿ ಮಾಡುವ ಕೂಲಿಯಾಳಿಗೂ ಕಾಲುವೆಯ ಕೊನೆಯ ರೈತನಿಗೂ ಇರುವ ಕಷ್ಟ ಒಂದೇ. ಇನ್ನು ನಮ್ಮವರ ಮಾತನ್ನೂ ಹೇಳಿಬಿಡಬೇಕು. ತುರ್ವಿಹಾಳ ಸೀಮೆಯ ನಾವು ಗಂಗಾವತಿಯವರನ್ನು ಬೈಯುತ್ತೇವೆ. ಮಾನ್ವಿಯವರು ನಮ್ಮನ್ನು ಬೈಯುತ್ತಾರೆ, ಅವರ ಬೈಗುಳದಲ್ಲಿ ಸತ್ಯವಿಲ್ಲದೆ ಇಲ್ಲ. ನಮ್ಮ ಸಭೆಗೆ ಬಂದು ಜೋರಾಗಿ ಘೋಷಣೆ ಕೂಗಿದ ಒಬ್ಬಿಬ್ಬರ ಮೋಟಾರುಗಳೂ ರಾತ್ರಿ ಕಾಲುವೆಯ ದಂಡೆಯ ಮೇಲೆ ಗುರುಗುಟ್ಟುವುದನ್ನು ನಾವು ಕೇಳಿದ್ದೇವೆ. ಅವರಿಗೆ ಇದು ಓದಿ ಸಿಟ್ಟು ಬಂದರೆ ಬರಲಿ.

ಉಪಕಾಲುವೆಗಳಲ್ಲಿಯೂ ಹೂಳಿದೆ ಎನ್ನುತ್ತಾರೆ. ಇದು ಬೇರೆ ಜಾತಿಯ ಹೂಳು. ಹೊಳೆ ತಂದ ಮಣ್ಣಿನ ಬಹುಪಾಲು ಜಲಾಶಯದಲ್ಲಿಯೇ ಕೂತುಬಿಡುವುದರಿಂದ ಕಾಲುವೆಗೆ ಬರುವುದು ಹೆಚ್ಚುಕಡಿಮೆ ತಿಳಿನೀರು. ಇಲ್ಲಿ ತುಂಬುವುದು ನಮ್ಮದೇ ಎರೆಮಣ್ಣಿನ ದಂಡೆ ಕುಸಿದು ಬಿದ್ದ ಮಣ್ಣು, ಅದರಲ್ಲಿ ಬೆಳೆದ ಜೊಂಡು, ಊರವರು ಎಸೆದ ಕಸ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ನೀರು ತಾಗಿದರೆ ಉಬ್ಬಿ ಜಾರುತ್ತದೆ. ಅದರ ಮೇಲೆ ತೆಳ್ಳಗೆ ಬಳಿದ ಕಾಂಕ್ರೀಟು ಎರಡು ವರ್ಷವೂ ಬಾಳುವುದಿಲ್ಲ. ಬೇಸಿಗೆಯಲ್ಲಿ ಕಾಲುವೆ ಬಂದಾದಾಗ ಜೆಸಿಬಿ ಬಂದು ಒಂದಿಷ್ಟು ಜೊಂಡು ಕೆರೆದು ದಂಡೆಯ ಮೇಲೇ ಒಟ್ಟುತ್ತದೆ, ಫೋಟೋ ಆಗುತ್ತದೆ, ಬಿಲ್ಲು ಆಗುತ್ತದೆ. ಮೊದಲ ಮಳೆಗೆ ಅದೇ ಮಣ್ಣು ಅದೇ ಕಾಲುವೆಗೆ ಇಳಿಯುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಮಣ್ಣು, ಮತ್ತೊಂದು ಬಿಲ್ಲು. ಇದನ್ನು ಕೇಳಲು ನಾವು ಒಮ್ಮೆ ಒಂದು ಕಚೇರಿಗೆ ಹೋದಾಗ ಅಲ್ಲಿಯ ಅಧಿಕಾರಿಗಳು, ‘ಮಾಸ್ತರೆ, ಪ್ರಕೃತಿಯ ಮುಂದೆ ನಾವೇನು ಮಾಡಲಾದೀತು?’ ಎಂದರು. ಗುತ್ತಿಗೆದಾರನೂ ಪ್ರಕೃತಿಯ ಭಾಗವೆಂದು ನಮಗೆ ಅಂದೇ ತಿಳಿದದ್ದು.

ಹೂಳಿನ ನಷ್ಟ ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿಯ ಹತ್ತಿರ ಇನ್ನೊಂದು ಸಮತೋಲನ ಜಲಾಶಯ ಕಟ್ಟುವ ಮಾತು ಬಹಳ ವರ್ಷಗಳಿಂದ ನಡೆದಿದೆ. ಸಾವಿರಾರು ಕೋಟಿ ರೂಪಾಯಿ, ಸಾವಿರಾರು ಎಕರೆ ಮುಳುಗಡೆ, ನೆರೆಯ ರಾಜ್ಯಗಳ ಒಪ್ಪಿಗೆ, ಇಷ್ಟೆಲ್ಲ ಬೇಕು. ಕಟ್ಟಲಿ, ಬೇಡವೆನ್ನುವುದಿಲ್ಲ. ಮುಳುಗುವ ಹೊಲದವರಿಗೆ ಮೊದಲು ಭೂಮಿ ಕೊಟ್ಟು ಕಟ್ಟಲಿ. ಆದರೆ ನಾವು ಕೇಳುವುದು ಇಷ್ಟೆ: ಆ ನೀರೂ ಇದೇ ಕಾಲುವೆಯಲ್ಲಿ, ಇದೇ ತೂಬುಗಳ ಮುಂದೆ, ಇದೇ ಮೋಟಾರುಗಳ ಬಾಯಿಯ ಪಕ್ಕದಲ್ಲಿಯೇ ಹರಿದು ಬರಬೇಕಲ್ಲವೆ? ಹತ್ತು ತೂತಿನ ಕೊಡಕ್ಕೆ ಇನ್ನೊಂದು ಬಾವಿಯ ನೀರು ತಂದು ಸುರಿದರೆ ಕೊಡ ತುಂಬುವುದೆ?

ಹೊಸ ಕಟ್ಟೆ ಬರುವ ತನಕ ಕಾಯಬೇಕಾಗಿಲ್ಲದ ಕೆಲಸಗಳಿವೆ. ಮುಖ್ಯಕಾಲುವೆಯ 47, 69, 104ನೆಯ ಮೈಲಿಗಳ ಗೇಜಿನಲ್ಲಿ ಎಷ್ಟು ನೀರು ಇರಬೇಕೆಂದು ಸಲಹಾ ಸಮಿತಿಯ ಸಭೆಗಳಲ್ಲಿ ಗೊತ್ತುಮಾಡುತ್ತಾರೆ. ಅದನ್ನು ದಿನದಿನವೂ ಪ್ರತಿ ಪಂಚಾಯಿತಿಯ ಹಲಗೆಯ ಮೇಲೆ ಬರೆಯಲಿ. ನೀರು ಬಿಡುವಾಗ ಕೊನೆಯ ತೂಬಿನಿಂದ ಆರಂಭಿಸಿ ಮೇಲಕ್ಕೆ ಬರಲಿ. ಅಕ್ರಮ ಮೋಟಾರುಗಳ ಪಟ್ಟಿಯನ್ನು ಹೆಸರು ಸಹಿತ ಗ್ರಾಮಸಭೆಯಲ್ಲಿ ಓದಲಿ. ಐದು ಎಕರೆಯವನ ಪೈಪು ಕಿತ್ತು ಐವತ್ತು ಎಕರೆಯವನದನ್ನು ಬಿಟ್ಟುಬರುವ ಶಾಸ್ತ್ರ ಬೇಡ. ಹೂಳೆತ್ತಿದ ಬಿಲ್ಲುಗಳನ್ನು ಆಯಾ ಕಾಲುವೆಯ ದಂಡೆಯ ಮೇಲೆ ರೈತರ ಎದುರಿಗೆ ಅಳೆದು ತೋರಿಸಲಿ. ನೀರು ಹಂಚುವ ಗ್ಯಾಂಗ್‌ಮನ್‌ಗಳು ತಿಂಗಳುಗಟ್ಟಲೆ ಸಂಬಳಕ್ಕಾಗಿ ಕಾಯುವ ಸ್ಥಿತಿಯಲ್ಲಿದ್ದರೆ ಅವರು ದೊಡ್ಡವರ ತೂಬು ಮುಚ್ಚುವ ಧೈರ್ಯ ಎಲ್ಲಿಂದ ತರಬೇಕು? ಅವರನ್ನು ಕಾಯಂ ಮಾಡಲಿ.

ಕಾಲುವೆಗೆ ಮುಂದಿನ ಸಲ ನೀರು ಬಿಟ್ಟ ದಿನದಿಂದ ನಮ್ಮ ಕಾರ್ಯಕರ್ತರು ದಿನಾಲು ಮುಂಜಾನೆ ಆರು ಗಂಟೆಗೆ 47ನೆಯ ಮೈಲಿಯ ಗೇಜು ಓದಿ ಬರೆದಿಡುವರು. ನಮ್ಮ ಉಪಕಾಲುವೆಯ ಮೊದಲ ತೂಬಿನಲ್ಲಿ ಎಷ್ಟು, ಕೊನೆಯ ತೂಬಿನಲ್ಲಿ ಎಷ್ಟು ಎಂಬುದನ್ನೂ ಅದರ ಪಕ್ಕಕ್ಕೆ ಬರೆಯುವರು. ಓದಲು ಕಲಿಯಬೇಕೆನ್ನುವವರು ಬರಲಿ, ಒಂದು ಗಂಟೆಯಲ್ಲಿ ಕಲಿಸುತ್ತೇವೆ. ಅಂಕಿ ತಪ್ಪೆಂದು ತೋರಿದ ಅಧಿಕಾರಿಗಳೂ ಬಂದು ತಿದ್ದಬಹುದು. ನೋಟುಬುಕ್ಕು ಅದೇ ಚಹಾದಂಗಡಿಯಲ್ಲಿ ಇರುತ್ತದೆ. ಕೊನೆಯ ತೂಬಿನ ಓದನ್ನು ಬರೆಯುವ ಕೆಲಸವನ್ನು ಮೂರೆಕರೆಯ ಆ ಹಿರಿಯರು ವಹಿಸಿಕೊಂಡಿದ್ದಾರೆ.